ಕುರ್ಚಿ ಕಾರ್ಖಾನೆಗೆ ಹೊಗೆ ಹಾಕಿದ್ದು

ಸರ್ಕಾರದ ಕಚೇರಿಗಳಲ್ಲಿ ಕುರ್ಚಿ ಮುರಿಯದ ದಿನವಿಲ್ಲ. ಕೆಲವು ಭಾರಕ್ಕೆ ಮುರಿಯುತ್ತವೆ, ಕೆಲವು ವಯಸ್ಸಿಗೆ, ಇನ್ನು ಕೆಲವು ಯಾರೂ ಬಂದು ಕೂರದ ಬೇಸರಕ್ಕೆ. ಹಾಗೆ ಮುರಿದವೆಲ್ಲ ಕೊನೆಗೆ ಬಂದು ಬೀಳುತ್ತಿದ್ದದ್ದು ಊರಂಚಿನ ಒಂದು ಉದ್ದನೆಯ ತಗಡಿನ ಶೆಡ್ಡಿನಲ್ಲಿ. ಬಾಗಿಲ ಮೇಲೆ 'ಸರ್ಕಾರಿ ಕುರ್ಚಿ ದುರಸ್ತಿ ಕಾರ್ಖಾನೆ' ಎಂಬ ಬೋರ್ಡು. ಒಳಗೆ ಸೂರು ಮುಟ್ಟುವಂತೆ ಪೇರಿಸಿಟ್ಟ ಕುರ್ಚಿಗಳು, ಒಂಬತ್ತು ಜನ ಕೆಲಸಗಾರರು, ಒಬ್ಬರು ಮೇಲ್ವಿಚಾರಕರು.

ಈ ಮೇಲ್ವಿಚಾರಕರಿಗೆ 'ಆಗಲಿ ಸಾಹೇಬರು' ಎಂದೇ ಹೆಸರು ಬಿದ್ದಿತ್ತು. ಮೇಲಿನವರು ಏನು ಹೇಳಿದರೂ 'ಆಗಲಿ' ಎನ್ನುತ್ತಿದ್ದರು, ಕೆಳಗಿನವರು ಏನು ಕೇಳಿದರೂ 'ಆಗಲಿ' ಎನ್ನುತ್ತಿದ್ದರು. ಮೇಲಿನವರದು ಆಗುತ್ತಿತ್ತು, ಕೆಳಗಿನವರದು ಆಗುತ್ತಿರಲಿಲ್ಲ. ಮನುಷ್ಯ ಕೆಟ್ಟವರಲ್ಲ. ದಿನಕ್ಕೆ ನಾಲ್ಕು ಸಲ ಶೆಡ್ಡಿನೊಳಗೆ ಧಡಾರನೆ ಬಾಗಿಲು ತಳ್ಳಿಕೊಂಡು ಬಂದು, "ಏನ್ರಪ್ಪಾ, ಎಲ್ಲಿಗೆ ಬಂತು?" ಎಂದು ಕೂಗಿ, ಉತ್ತರಕ್ಕೆ ಕಾಯದೆ ತಮ್ಮ ಕೋಣೆಗೆ ಹೋಗಿ ಕೂರುತ್ತಿದ್ದರು. ಆ ಶೆಡ್ಡಿನಲ್ಲಿ ಕೂರುತ್ತಿದ್ದವರು ಅವರೊಬ್ಬರೇ. ದುರಸ್ತಿಯಾದ ಕುರ್ಚಿ ಕಚೇರಿಗಳ ಸ್ವತ್ತು, ಅದರ ಮೇಲೆ ಕೂರುವುದು ದುರ್ಬಳಕೆ ಎಂದು ಯಾವುದೋ ಕಾಲದ ಸುತ್ತೋಲೆಯೊಂದು ಗೋಡೆಯ ಮೇಲಿತ್ತು. ಹಾಗಾಗಿ ಮುನ್ನೂರು ಕುರ್ಚಿಗಳ ನಡುವೆ ಒಂಬತ್ತು ಜನ ಮೂವತ್ತು ವರ್ಷಗಳಿಂದ ನಿಂತೇ ಕೆಲಸ ಮಾಡುತ್ತಿದ್ದರು. ವಾರಕ್ಕೆ ಏಳೋ ಎಂಟೋ ಕುರ್ಚಿ ಕಾಲೂರಿ ಹೊರಗೆ ಹೋಗುತ್ತಿದ್ದವು.

ಒಂದು ದಿನ ನಿರ್ದೇಶಕರ ಕಚೇರಿಯಿಂದ ಕಾಗದ ಬಂತು. 'ದುಡಿಮೆಯ ಬದುಕು ಸುಧಾರಣಾ ಕಾರ್ಯಕ್ರಮ' ಎಂಬ ಸಾರ್ವಜನಿಕ ಯೋಜನೆ ಶುರುವಾಗಿದೆ. ಇಪ್ಪತ್ತೆರಡು ಕಾರ್ಖಾನೆಗಳಿಂದ ಒಬ್ಬೊಬ್ಬರು ಮೂರು ದಿನದ ತರಬೇತಿಗೆ ಬರಬೇಕು, ಕಲಿತದ್ದನ್ನು ತಮ್ಮಲ್ಲಿ ಜಾರಿಗೆ ತರಬೇಕು, ಎರಡು ತಿಂಗಳ ಬಳಿಕ ತಪಾಸಣೆ ನಡೆಯುತ್ತದೆ. ಸುಧಾರಣೆ ಕಾಣದ ಕಾರ್ಖಾನೆಯನ್ನು ಮುಚ್ಚಿ ಅಲ್ಲಿನವರನ್ನು ದಿಕ್ಕಿಗೊಬ್ಬರಂತೆ ಹಂಚಲಾಗುತ್ತದೆ.

ಸಾಹೇಬರು ಬೆವರಿದರು. ಕಾಗದ ಹಿಡಿದುಕೊಂಡು ನಿರ್ದೇಶಕರ ಕಚೇರಿಗೆ ಓಡಿದರು. ಅಲ್ಲಿನ ಗುಮಾಸ್ತ ಕನ್ನಡಕದ ಮೇಲಿಂದ ನೋಡಿ, "ಸುಧಾರಣೆ ಅಂದ್ರೆ ಏನು ಅಂತ ಗೊತ್ತಲ್ವಾ ನಿಮ್ಗೆ?" ಎಂದ.

ಗೊತ್ತಿಲ್ಲ ಎಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಪಕ್ಕದಲ್ಲಿ ಬೇರೆ ಕಾರ್ಖಾನೆಯ ಇಬ್ಬರು ನಿಂತಿದ್ದರು.

"ಗೊತ್ತಿಲ್ದೆ ಏನು? ಆ ವಿಷಯ ಪೂರ್ತಿ ಓದ್ಕೊಂಡಿದ್ದೀನಿ" ಎಂದರು ಸಾಹೇಬರು.

"ಹಾಗಾದ್ರೆ ಸರಿ. ಪಾಠ ಮಾಡೋರು ಭಾರಿ ದೊಡ್ಡೋರಂತೆ. ಯಾವುದನ್ನೂ ನೇರವಾಗಿ ಹೇಳೋದಿಲ್ವಂತೆ. ಒಳಾರ್ಥ ಹಿಡೀಬೇಕಂತೆ. ಓದ್ಕೊಂಡೋರಿಗೆ ಕಷ್ಟ ಆಗಲ್ಲ ಬಿಡಿ."

"ಒಳಾರ್ಥ ತಾನೆ? ಹಿಡಿಯೋಣ."

ತರಬೇತಿಯ ದಿನ ಬಸ್ಸು ಕೈಕೊಟ್ಟಿತು. ಸಾಹೇಬರು ಆ ಎರಡು ಮಹಡಿಯ ಕಟ್ಟಡ ತಲುಪುವಷ್ಟರಲ್ಲಿ ಅರ್ಧ ಗಂಟೆ ತಡವಾಗಿತ್ತು. ಮೆಟ್ಟಿಲ ಬಳಿ ಕಾವಲುಗಾರ ಹಲ್ಲು ಕೆದಕುತ್ತ ನಿಂತಿದ್ದ.

"ಕೆಲಸಗಾರರ ಬಗ್ಗೆ ಕ್ಲಾಸು ಎಲ್ಲಿ ನಡೀತಿದೆ?"

"ಮೇಲೂ ಏನೋ ನಡೀತಿದೆ, ಕೆಳಗೂ ಏನೋ ನಡೀತಿದೆ. ಮೇಲ್ಗಡೆಯಿಂದ ಬರೀ ಗೊರಕೆ ಕೇಳ್ತಿದೆ. ಕೆಳಗಿನೋರು ಬೆಳಿಗ್ಗೆಯಿಂದ ಕೆಲಸಗಾರರು, ಕೆಲಸಗಾರರು ಅಂತಾನೇ ಇದ್ದಾರೆ. ಇದೇ ಇರ್ಬೇಕು, ಹೋಗಿ."

ಕೆಳಗೆ ನಡೆಯುತ್ತಿದ್ದದ್ದು ಜೇನು ಸಾಕಾಣಿಕೆಯ ತರಬೇತಿ. ಅದನ್ನು ನಡೆಸುತ್ತಿದ್ದ ಬಿಳಿಗಡ್ಡದ ಮೇಷ್ಟರು ನಲವತ್ತು ವರ್ಷ ಜೇನಿನ ಜೊತೆ ಬಾಳಿದವರು. ಹುಳುಗಳ ಮೇಲಿನ ಮರ್ಯಾದೆಗೆ ಅವುಗಳನ್ನು ಎಂದೂ 'ಅವು' ಎಂದವರಲ್ಲ, 'ಅವರು' ಎಂದೇ ಕರೆಯುತ್ತಿದ್ದರು. ಸಾಹೇಬರು ಹೊಸ್ತಿಲು ದಾಟಿದಾಗ ಕಿವಿಗೆ ಬಿದ್ದ ಮೊದಲ ಮಾತು ಹೀಗಿತ್ತು:

"ಕೆಲಸಗಾರರು ಸಿಡುಕಿದರೆ ತಪ್ಪು ಅವರದಲ್ಲ. ಒಳಗೆ ಕೈ ಹಾಕಿದವನದು."

ಸಾಹೇಬರಿಗೆ ಮೈ ಜುಮ್ಮೆಂದಿತು. ಒಳಾರ್ಥ ಶುರುವಾಗಿಬಿಟ್ಟಿದೆ ಎಂದುಕೊಂಡು ಹಿಂದಿನ ಬೆಂಚಿನಲ್ಲಿ ಜಾಗ ಹಿಡಿದು ನೋಟು ಪುಸ್ತಕ ತೆಗೆದರು. ಪಕ್ಕದಲ್ಲಿ ತೋಟ ಮಾಡುವ ಹೆಂಗಸೊಬ್ಬರು ಕೂತಿದ್ದರು. ಬಿಡುವಿನಲ್ಲಿ ಅವರೇ ಮಾತಿಗೆ ಎಳೆದರು.

"ನಿಮ್ಮ ಹತ್ರ ಎಷ್ಟಿದೆ?"

"ಒಂಬತ್ತು."

"ಪರವಾಗಿಲ್ಲ. ಕಚ್ತಾವಾ?"

"ಬಡಗಿ ಒಬ್ಬ ಮೇಲೆ ಬೀಳ್ತಾನೆ. ಮಿಕ್ಕೋರು ಗೊಣಗ್ತಾರೆ ಅಷ್ಟೇ."

ಆಕೆಗೆ 'ಬಡಗಿ' ಎಂಬುದು ಯಾವುದೋ ಹೊಸ ತಳಿ ಎನಿಸಿತು. "ಗೊಣಗಿದ್ರೆ ಒಳ್ಳೇದೇ, ಬದುಕಿವೆ ಅಂತ ಅರ್ಥ. ನಿಮ್ಮ ಸ್ವಂತದ್ದಾ?"

"ಇಲ್ಲಮ್ಮ, ಸರ್ಕಾರದ್ದು."

"ಅಯ್ಯೋ, ಸರ್ಕಾರ ಕೊಟ್ಟಿದ್ದು ಎರಡೇ ತಿಂಗಳಲ್ಲಿ ಹಾರಿಹೋಗುತ್ತೆ."

"ನಮ್ಮೋರು ಮೂವತ್ತು ವರ್ಷದಿಂದ ಅಲ್ಲೇ ಇದ್ದಾರೆ."

ಆಕೆ ಬಾಯಿ ತೆರೆದುಕೊಂಡು ಸಾಹೇಬರನ್ನೇ ನೋಡಿದರು. ಮಧ್ಯಾಹ್ನದ ಊಟಕ್ಕೆ ಅವರಿಗೇ ಮೊದಲು ತಟ್ಟೆ ಹಾಕಿಸಿದರು.

ಮೂರು ದಿನವೂ ಸಾಹೇಬರು ಎವೆ ಮುಚ್ಚದೆ ಕೂತು ನಲವತ್ತು ಪುಟ ಬರೆದುಕೊಂಡರು. ನಡುವೆ ಹೂವು, ಮೇಣ, ರೆಕ್ಕೆ ಇತ್ಯಾದಿ ಬಂದಾಗ, 'ಇದು ಉಪಮೆ' ಎಂದು ಪಕ್ಕದಲ್ಲಿ ಗುರುತು ಹಾಕಿಕೊಂಡರು. ಮೂರನೆಯ ದಿನ ಮೇಷ್ಟರು ಗಾಜಿನ ಪೆಟ್ಟಿಗೆಯಲ್ಲಿ ನಿಜವಾದ ಜೇನು ತಂದು ಮೇಜಿನ ಮೇಲಿಟ್ಟಾಗಲೂ ಅವರಿಗೆ ಅನುಮಾನ ಬರಲಿಲ್ಲ. 'ಒಂದು ಉದಾಹರಣೆ ಕೊಡಲು ಎಷ್ಟು ಶ್ರಮ ಪಡುತ್ತಾರೆ ಪುಣ್ಯಾತ್ಮರು!' ಎಂದು ಕಣ್ಣು ತುಂಬಿಕೊಂಡರು. ಹೊರಡುವಾಗ ಮೇಷ್ಟರು ಪ್ರತಿಯೊಬ್ಬರಿಗೂ ಒಂದು ಬಲೆಯ ಟೋಪಿ ಮತ್ತು ಕೊಳವೆಯಿರುವ ಹೊಗೆಡಬ್ಬಿ ಕೊಟ್ಟರು. ಡಬ್ಬಿಯೊಳಗೆ ಒಣ ನಾರು ಹಾಕಿ ಕಿಡಿ ಹೊತ್ತಿಸಿ ತಿದಿ ಒತ್ತಿದರೆ ಬುಸ್ಸೆಂದು ಹೊಗೆ ಬರುತ್ತಿತ್ತು.

ಮನೆಗೆ ಬಂದವರೇ ಹೆಂಡತಿಯ ಮುಂದೆ ಡಬ್ಬಿ ಇಟ್ಟರು.

"ಏನ್ರೀ ಇದು?"

"ಸುಧಾರಣೆ ಕಣೇ. ಒಳಗೆ ಹೋಗೋಕೆ ಮೊದಲು ಬಾಗಿಲಲ್ಲಿ ಎರಡು ಸಲ ಮೆಲ್ಲಗೆ ಹೊಗೆ ಬಿಡ್ಬೇಕು. ಎರಡು ನಿಮಿಷ ಕಾಯ್ಬೇಕು. ಆಗ ಒಳಗಿನೋರು ಶಾಂತ ಆಗ್ತಾರೆ. ಆಮೇಲೆ ಏನು ಹೇಳಿದ್ರೂ ಕೇಳ್ತಾರೆ."

"ಇದನ್ನ ಹೇಳ್ಕೊಟ್ಟೋರಿಗೆ ಮದುವೆ ಆಗಿದ್ಯಾ?"

ಸಾಹೇಬರಿಗೆ ಆಕೆಗೆ ಹೇಳಬೇಕಾದ ಕೆಟ್ಟ ಸುದ್ದಿಯೊಂದಿತ್ತು. ಕಾರ್ಖಾನೆ ಮುಚ್ಚಿದರೆ ತಾವೆಲ್ಲಿಗೆ ಹೋಗಬೇಕಾದೀತೋ ಗೊತ್ತಿಲ್ಲ ಎಂಬ ಸುದ್ದಿ. ಕಲಿತದ್ದನ್ನು ಪರೀಕ್ಷಿಸಲು ಇದೇ ಸಮಯ ಎಂದು ಮರುದಿನ ಬೆಳಿಗ್ಗೆ ಆಕೆ ಅಡುಗೆಮನೆಯಲ್ಲಿದ್ದಾಗ ಬಾಗಿಲ ಬದಿಯಲ್ಲಿ ನಿಂತು ತಿದಿ ಒತ್ತಿದರು. ನಾರು ತುಸು ಹೆಚ್ಚಾಗಿತ್ತು. ಅಡುಗೆಮನೆ, ನಡುಮನೆ, ಮೆಟ್ಟಿಲು ಎಲ್ಲ ಹೊಗೆಯಲ್ಲಿ ಮುಳುಗಿದವು. ಪಕ್ಕದ ಮನೆಯಲ್ಲಿದ್ದವರು ಅಗ್ನಿಶಾಮಕ ದಳದಿಂದ ನಿವೃತ್ತರಾಗಿ ಏಳು ವರ್ಷಗಳಿಂದ ಒಂದು ಬೆಂಕಿಗಾಗಿ ಕಾದು ಕೂತಿದ್ದವರು. ಕಿಟಕಿಯಲ್ಲಿ ಹೊಗೆ ಕಂಡದ್ದೇ ತಡ, ಅವರು ಎರಡು ಬಕೆಟ್ಟು ನೀರು ಹಿಡಿದು ಗೋಡೆ ಹಾರಿ ಬಂದರು.

"ಕೆಳಗೆ ಬಗ್ಗಿ! ತೆವಳ್ಕೊಂಡು ಬನ್ನಿ ತಂಗ್ಯಮ್ಮಾ! ನಾನಿದ್ದೀನಿ!" ಎಂದು ಕೂಗುತ್ತ ಒಂದು ಬಕೆಟ್ಟು ನೀರನ್ನು ಸಾಹೇಬರ ತಲೆಯ ಮೇಲೂ ಇನ್ನೊಂದನ್ನು ಒಲೆಯ ಮೇಲೂ ಸುರಿದರು.

ಹೊಗೆ ಇಳಿದ ಮೇಲೆ ಮೂವರೂ ಒದ್ದೆಯಾಗಿ ನಿಂತಿದ್ದರು. ಹೆಂಡತಿಗೆ ಮಾತೇ ಹೊರಡಲಿಲ್ಲ. ಸಾಹೇಬರಿಗೆ ಅದು ಶಾಂತಿಯಂತೆ ಕಂಡಿತು. ಆ ಸಂದರ್ಭ ನೋಡಿ ಕೆಟ್ಟ ಸುದ್ದಿಯನ್ನು ಹೇಳಿಮುಗಿಸಿದರು. ಆಕೆ ಎಲ್ಲ ಕೇಳಿಸಿಕೊಂಡು, ಬಟ್ಟೆ ಬದಲಿಸಿ, ಮೂರು ದಿನಕ್ಕೆ ತಂಗಿಯ ಮನೆಗೆ ಹೊರಟುಹೋದಳು.

'ಪದ್ಧತಿ ಕೆಲಸ ಮಾಡುತ್ತದೆ' ಎಂದು ಸಾಹೇಬರು ನೋಟು ಪುಸ್ತಕದಲ್ಲಿ ಬರೆದರು.

ಕಾರ್ಖಾನೆಯಲ್ಲಿ ಸುಧಾರಣೆ ಸೋಮವಾರ ಆರಂಭವಾಯಿತು. ಅಂದು ಧಡಾರನೆ ಬಾಗಿಲು ತೆರೆಯುವ ಸದ್ದೇ ಇಲ್ಲ. ಬಾಗಿಲಿನ ಎದುರಿಗೆ ಬರಬಾರದು, ಬದಿಯಿಂದ ಬರಬೇಕು ಎಂದು ಮೇಷ್ಟರು ಹೇಳಿದ್ದರಿಂದ ಸಾಹೇಬರು ಗೋಡೆಗೆ ಬೆನ್ನು ಹಚ್ಚಿ ಏಡಿಯಂತೆ ಅಡ್ಡಡ್ಡ ನಡೆದುಬಂದರು. ಕಪ್ಪು ಬಟ್ಟೆ ಕೂಡದು ಎಂದಿದ್ದರಿಂದ ಇಪ್ಪತ್ತು ವರ್ಷದ ಕರಿ ಕೋಟು ಹೋಗಿ ಅಡಿಯಿಂದ ಮುಡಿಯವರೆಗೆ ಬಿಳಿ. ತಲೆಯ ಮೇಲೆ ಬಲೆಯ ಟೋಪಿ. ಹೊಸ್ತಿಲಲ್ಲಿ ಎರಡು ಸಲ ಬುಸ್, ಬುಸ್. ಆಮೇಲೆ ಕೈಗಡಿಯಾರ ನೋಡುತ್ತ ಎರಡು ನಿಮಿಷ ಕಂಬದಂತೆ ನಿಂತರು.

ಹಿರಿಯ ಬಡಗಿ ಕೈಯಲ್ಲಿದ್ದ ಕುರ್ಚಿಕಾಲನ್ನು ಕೆಳಗಿಟ್ಟ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೂವತ್ತು ವರ್ಷದಲ್ಲಿ ಸಾಹೇಬರು ಎರಡು ನಿಮಿಷ ಬಾಯಿ ಮುಚ್ಚಿಕೊಂಡು ತಮ್ಮ ಮುಂದೆ ನಿಂತದ್ದು ಅದೇ ಮೊದಲು.

"ಅಕ್ಕಾ, ಏನಾಗಿದೆ ಇವ್ರಿಗೆ?" ಎಂದು ಪಾಲಿಷ್ ಹಚ್ಚುವವನು ಪಿಸುಗುಟ್ಟಿದ.

"ಮನೇಲಿ ಹೆಂಡ್ತಿ ಇಲ್ವಂತೆ. ಸುಮ್ನಿರು" ಎಂದಳು ಬೆತ್ತ ಹೆಣೆಯುವ ಹೆಂಗಸು. ಅವಳನ್ನು ಎಲ್ಲರೂ ಬೆತ್ತದಕ್ಕ ಎನ್ನುತ್ತಿದ್ದರು.

ಎರಡು ನಿಮಿಷ ಮುಗಿದ ಮೇಲೆ ಸಾಹೇಬರು ಬಹಳ ಮೆಲುದನಿಯಲ್ಲಿ, "ಎಲ್ಲಾ ಕ್ಷೇಮವಾಗಿದ್ದೀರಾ?" ಎಂದು ಕೇಳಿದರು. ಎಲ್ಲರೂ ತಮ್ಮತಮ್ಮಲ್ಲೇ ಗೊಣಗಿಕೊಂಡರು. ಸಾಹೇಬರು ಕಿವಿಗೊಟ್ಟು ಗೊಣಗಾಟದ ಸದ್ದು ಆಲಿಸಿ, ತೃಪ್ತರಾಗಿ ತಲೆದೂಗಿ, ಬಂದ ದಾರಿಯಲ್ಲೇ ಅಡ್ಡಡ್ಡ ಹೊರಟುಹೋದರು. ಮತ್ತೆ ಬಂದದ್ದು ಎಂಟು ದಿನದ ನಂತರ. ಪದೇಪದೇ ತೆರೆದು ನೋಡಿದರೆ ಕೆಲಸ ಕೆಡುತ್ತದೆ, ಎಂಟು ದಿನಕ್ಕೊಮ್ಮೆ ಸಾಕು ಎಂದು ಮೇಷ್ಟರ ಅಪ್ಪಣೆಯಾಗಿತ್ತು.

ಆ ಎಂಟು ದಿನದಲ್ಲಿ ಹದಿನೇಳು ಕುರ್ಚಿಗಳು ಹೊರಗೆ ಬಂದವು.

ಎರಡನೆಯ ವಾರ ಮೇಷ್ಟರ ಪಾಠದಲ್ಲಿದ್ದ 'ಬರಗಾಲದ ಆಹಾರ'ದ ಸರದಿ. ಸಂಜೆ ನಾಲ್ಕಕ್ಕೆ ಸಮಪಾಲು ಸಕ್ಕರೆ ಸಮಪಾಲು ನೀರು ಕಲಸಿ ಒಂಬತ್ತು ಲೋಟಗಳಲ್ಲಿ ಇಡಲಾಯಿತು. ಬಡಗಿ ಒಂದು ಗುಟುಕು ಕುಡಿದು ಮುಖ ಕಿವುಚಿದ.

"ಸ್ವಾಮಿ, ಇದಕ್ಕೆ ಇಷ್ಟು ಚಹಾಪುಡಿ ಹಾಕಿದ್ರೆ ಪಾಪ ಬರುತ್ತಾ?"

ಸಾಹೇಬರು ನೋಟು ಪುಸ್ತಕ ತಿರುವಿದರು. ಚಹಾಪುಡಿ ಹಾಕಬಾರದು ಎಂದು ಎಲ್ಲೂ ಇರಲಿಲ್ಲ. ಅಂದಿನಿಂದ ಕಾರ್ಖಾನೆಯಲ್ಲಿ ನಾಲ್ಕು ಗಂಟೆಗೆ ಚಹಾ ಶುರುವಾಯಿತು.

ಮೂರನೆಯ ವಾರ ಇರುವೆಗಳ ಕಾಟ ತಪ್ಪಿಸಲೆಂದು ಕೆಲಸದ ಬೆಂಚುಗಳ ಕಾಲುಗಳನ್ನೆಲ್ಲ ನೀರು ತುಂಬಿದ ಬಟ್ಟಲಲ್ಲಿ ಇಡಿಸಿದರು. "ಇರುವೆ ಎಲ್ಲಿದೆ ಸ್ವಾಮಿ?" ಎಂದು ಬಡಗಿ ಕೇಳಿದ. "ಉಪಮೆ ಕಣಪ್ಪಾ. ಹೊರಗಿನೋರು ಬಂದು ತೊಂದರೆ ಕೊಡ್ಬಾರ್ದು ಅಂತ" ಎಂದರು. ಉಪಮೆಯಲ್ಲಿ ಕಾಲಿಟ್ಟು ಪಾಲಿಷಿನವನು ಎರಡು ಸಲ ಜಾರಿಬಿದ್ದ. ಆದರೆ ತಮ್ಮ ಕುರ್ಚಿಗೆ ಮೊದಲ ಸರದಿ ಬೇಕೆಂದು ಕಚೇರಿಗಳಿಂದ ಬಂದು ಕೂಗಾಡುತ್ತಿದ್ದ ಜವಾನರು ಒಂದೆರಡು ಬಟ್ಟಲು ತುಳಿದು ಬೂಟು ಒದ್ದೆ ಮಾಡಿಕೊಂಡ ಮೇಲೆ ಒಳಗೆ ಬರುವುದನ್ನೇ ಬಿಟ್ಟರು.

ನಿಜವಾದ ರಾದ್ಧಾಂತ ನಾಲ್ಕನೆಯ ವಾರ ಆಯಿತು. ಮೇಷ್ಟರ ಪಾಠದಲ್ಲಿ 'ರಾಣಿ' ಎಂಬ ದೊಡ್ಡ ಅಧ್ಯಾಯವಿತ್ತು. ರಾಣಿ ಎಂದರೆ ತಾವೇ ಎಂದು ಸಾಹೇಬರು ಮೊದಲು ಭಾವಿಸಿದ್ದರು. ಆದರೆ ಒಂದು ರಾತ್ರಿ ಊಟದ ಹೊತ್ತಿಗೆ ಪುಟ ತಿರುವಿದಾಗ ತಮ್ಮದೇ ಅಕ್ಷರದಲ್ಲಿ ಹೀಗೆ ಕಂಡಿತು: 'ರಾಣಿ ಅಪ್ಪಣೆ ಕೊಡುವುದಿಲ್ಲ. ಕೂಗುವುದಿಲ್ಲ. ಯಾರ ಸುತ್ತ ಎಲ್ಲರೂ ತಾವಾಗಿ ಸೇರುತ್ತಾರೋ ಆಕೆಯೇ ರಾಣಿ. ಆಕೆಯನ್ನು ಕಂಡುಹಿಡಿದು ಬೆನ್ನ ಮೇಲೆ ಬಣ್ಣದ ಒಂದು ಚುಕ್ಕೆ ಇಡಿ. ಮುಂದೆ ಹುಡುಕುವುದು ಸುಲಭ.'

ಮರುದಿನ ಸಾಹೇಬರು ಕುರ್ಚಿಗಳ ರಾಶಿಯ ಹಿಂದೆ ಕೂತು ಸಂದಿಯಿಂದ ನೋಡಿದರು. ಯಾರಿಗೆ ಉಳಿ ಬೇಕಾದರೂ, ಯಾರಿಗೆ ಬೆರಳು ಕುಯ್ದರೂ, ಯಾರ ಕುರ್ಚಿ ಕುಂಟಿದರೂ ಎಲ್ಲರೂ ಹೋಗುತ್ತಿದ್ದದ್ದು ಬೆತ್ತದಕ್ಕನ ಬಳಿಗೆ. ಅವಳು ತಲೆ ಎತ್ತದೆ, ಹೆಣೆಯುತ್ತಲೇ, ಒಂದು ಮಾತು ಹೇಳುತ್ತಿದ್ದಳು. ಕೆಲಸ ಮುಂದಕ್ಕೆ ಹೋಗುತ್ತಿತ್ತು. ಸಾಹೇಬರು ಬಿಳಿ ಬಣ್ಣದಲ್ಲಿ ಕುಂಚ ಅದ್ದಿ, ತುದಿಗಾಲಲ್ಲಿ ಹಿಂದಿನಿಂದ ಬಂದು, ಅವಳ ಏಪ್ರನ್ನಿನ ಪಟ್ಟಿಯ ಮೇಲೆ ಒಂದು ಚುಕ್ಕೆ ಇಟ್ಟರು.

ಬೆತ್ತದಕ್ಕ ತಿರುಗಿದಳು. ಅವಳ ಕೈಯಲ್ಲಿ ನೆನೆಸಿದ ಒಂದು ಮಾರು ಬೆತ್ತವಿತ್ತು.

"ಏನ್ ಮಾಡ್ತಾ ಇದ್ದೀರಿ?"

"ಗುರುತು... ಗುರುತು ಹಾಕ್ತಾ ಇದ್ದೀನಿ ತಾಯಿ."

"ನಾನೇನು ಕುರ್ಚೀನಾ ಗುರುತು ಹಾಕೋಕೆ?"

"ಅಲ್ಲ, ನೀವು ರಾಣಿ!"

ಶೆಡ್ಡಿನಲ್ಲಿ ಗರಗಸ ನಿಂತಿತು. ಮೂವತ್ತು ವರ್ಷದಲ್ಲಿ ಏಕವಚನ ಬಿಟ್ಟು ಮಾತನಾಡಿಸದ ಸಾಹೇಬರು ತಾಯಿ ಎಂದರು, ರಾಣಿ ಎಂದರು. ಬೆತ್ತ ಗಾಳಿಯಲ್ಲಿ ಒಮ್ಮೆ ಸುಯ್ ಎಂದಿತು. ಸಾಹೇಬರು ಓಡಿದರು. ಓಡುವಾಗಲೂ ಮೇಷ್ಟರ ಮಾತು ಮರೆಯದೆ ಕೈಬೀಸದೆ, ಕಿರುಚದೆ, ಅಡ್ಡಡ್ಡವಾಗಿಯೇ ಓಡಿದರು. ಅದನ್ನು ನೋಡಿ ಬೆತ್ತದಕ್ಕನಿಗೆ ಮೊದಲು ಸಿಟ್ಟು ಇಳಿಯಿತು, ಆಮೇಲೆ ನಗು ಬಂತು, ನಕ್ಕು ನಕ್ಕು ಕೊನೆಗೆ ಬೆಂಚನ್ನು ಹಿಡಿದುಕೊಳ್ಳಬೇಕಾಯಿತು.

"ಬನ್ನಿ ಇಲ್ಲಿ" ಎಂದು ಕರೆದಳು. "ರಾಣಿ ಅಂದ್ರಲ್ಲ, ರಾಣಿ ಮಾತು ಕೇಳ್ತೀರಾ?"

"ಆಗಲಿ."

"ಈ 'ಆಗಲಿ' ಬೇಡ. ಆಗೋ 'ಆಗಲಿ' ಹೇಳಿ."

"ಏನಾಗ್ಬೇಕು?"

"ಕೂರೋಕೆ ಕುರ್ಚಿ ಬೇಕು. ನನ್ನ ಮಂಡಿ ಸತ್ತು ಹತ್ತು ವರ್ಷ ಆಯ್ತು."

ಸಾಹೇಬರು ಗೋಡೆಯ ಮೇಲಿನ ಸುತ್ತೋಲೆಯನ್ನು ನೋಡಿದರು, ನೋಟು ಪುಸ್ತಕವನ್ನು ನೋಡಿದರು. ಅಲ್ಲಿ ದಪ್ಪ ಗೆರೆ ಎಳೆದು ಬರೆದಿತ್ತು: 'ಅವರು ಕೂಡಿಸಿದ್ದನ್ನೆಲ್ಲ ಬಳಿದುಕೊಂಡು ಬರಬೇಡಿ. ಅವರಿಗೂ ಇಷ್ಟು ಬಿಡಿ. ಇಲ್ಲದಿದ್ದರೆ ಮುಂದಿನ ವರ್ಷ ನಿಮಗೂ ಇಲ್ಲ.' ಅವರು ಸುತ್ತೋಲೆಯನ್ನು ಮೊಳೆಯಿಂದ ಕಿತ್ತು ಮಡಚಿ ಜೇಬಿಗಿಟ್ಟರು. ಆ ದಿನವೇ ಒಂಬತ್ತು ಒಳ್ಳೆಯ ಕುರ್ಚಿಗಳು ಬೆಂಚುಗಳ ಹಿಂದೆ ಬಂದು ನಿಂತವು. ಹಿರಿಯ ಬಡಗಿ ತಾನೇ ಕಾಲು ಕೂರಿಸಿದ ಕುರ್ಚಿಯೊಂದರ ಮೇಲೆ ಅಂಜುತ್ತ ಕೂತು, ಅತ್ತ ಇತ್ತ ಅಲುಗಾಡಿ ನೋಡಿ, "ಎಡಗಾಲು ಒಂದು ನೂಲು ಗಿಡ್ಡ. ಇಷ್ಟು ವರ್ಷ ಹೀಗೇ ಕಳಿಸ್ತಿದ್ನಲ್ಲ, ಕೂತೋರು ಎಷ್ಟು ಬೈಕೊಂಡಿದ್ರೋ!" ಎಂದ. ಅಂದಿನಿಂದ ಅವನು ತಾನು ಕೂತು ನೋಡದ ಕುರ್ಚಿಯನ್ನು ಹೊರಗೆ ಬಿಡಲಿಲ್ಲ.

ಉಳಿದದ್ದು ಕೊನೆಯ ಅಧ್ಯಾಯ. ಅದನ್ನು ಓದಿದ ದಿನ ಸಾಹೇಬರಿಗೆ ಅನ್ನ ಸೇರಲಿಲ್ಲ. 'ಗೂಡಿನಲ್ಲಿ ಕೆಲವರು ದಪ್ಪಗಿರುತ್ತಾರೆ, ದೊಡ್ಡ ಸದ್ದು ಮಾಡುತ್ತಾರೆ, ಯಾವ ಕೆಲಸವನ್ನೂ ಮಾಡುವುದಿಲ್ಲ, ಬೇರೆಯವರು ಕೊಟ್ಟದ್ದನ್ನು ತಿಂದುಕೊಂಡಿರುತ್ತಾರೆ. ಕಷ್ಟಕಾಲ ಬಂದಾಗ ಕೆಲಸಗಾರರೇ ಸೇರಿ ಅವರನ್ನು ಹೊರಗೆ ನೂಕುತ್ತಾರೆ.'

ತಂಗಿಯ ಮನೆಯಿಂದ ಹಿಂತಿರುಗಿದ್ದ ಹೆಂಡತಿ, "ಯಾಕ್ರೀ, ಯಾರನ್ನ ಹುಡುಕ್ತಾ ಇದ್ದೀರಿ?" ಎಂದಳು.

"ದಪ್ಪಗೆ, ಸದ್ದು ಮಾಡ್ಕೊಂಡು, ಕೆಲಸ ಮಾಡದೆ ಇರೋರು ಯಾರು ನಮ್ಮ ಕಾರ್ಖಾನೇಲಿ ಅಂತ..."

ಹೆಂಡತಿ ಅವರನ್ನೊಮ್ಮೆ ಹೊಟ್ಟೆಯಿಂದ ಮೇಲಕ್ಕೆ ನೋಡಿ ಅನ್ನ ಬಡಿಸಿದಳು.

ಮರುದಿನ ಬೆಳಿಗ್ಗೆ ಸಾಹೇಬರು ಅಂಗಿಯ ತೋಳು ಮಡಚಿಕೊಂಡು ಬಡಗಿಯ ಮುಂದೆ ನಿಂತರು. "ಬಡಗಿಯಣ್ಣಾ, ನಂಗೂ ಏನಾದ್ರೂ ಕೆಲಸ ಕೊಡು."

ಬಡಗಿ ಬಹಳ ಹೊತ್ತು ಅವರನ್ನು ನೋಡಿದ. ಕಡೆಗೆ ಒಂದು ಹಾಳೆ ಸ್ಯಾಂಡ್‌ಪೇಪರ್ ಕೊಟ್ಟು ಒಂದು ಕುರ್ಚಿಕಾಲು ತೋರಿಸಿದ. "ಮರದ ಎಳೆ ಹೋದ ಕಡೆಗೇ ಉಜ್ಜಬೇಕು. ಅಡ್ಡಡ್ಡ ಬೇಡ, ಸ್ವಾಮಿ. ನೀವು ಈಗೀಗ ಎಲ್ಲಾದಕ್ಕೂ ಅಡ್ಡ ಹೋಗ್ತೀರಿ."

ಸಂಜೆಯ ಹೊತ್ತಿಗೆ ಸಾಹೇಬರ ಅಂಗೈಯಲ್ಲಿ ಮೂರು ಬೊಬ್ಬೆಗಳೆದ್ದಿದ್ದವು. ಅವರು ಉಜ್ಜಿದ ಕಾಲನ್ನು ಬೆತ್ತದಕ್ಕ ಬೆರಳಿಂದ ಸವರಿ, "ಪರವಾಗಿಲ್ಲ" ಎಂದಳು. ಅವರು ಆ ಮಾತನ್ನು ಮನೆಗೆ ಹೋಗುವ ದಾರಿಯುದ್ದಕ್ಕೂ ಹೇಳಿಕೊಳ್ಳುತ್ತ ನಡೆದರು. ನಡುವೆ ಎದುರಾದ ಅಗ್ನಿಶಾಮಕದವರಿಗೂ ಬೊಬ್ಬೆ ತೋರಿಸಿದರು. ಅವರು ಅದನ್ನು ಸುಟ್ಟಗಾಯವೆಂದು ತಿಳಿದು ಮುಲಾಮು ತರಲು ಒಳಗೆ ಓಡಿದರು.

ಎರಡು ತಿಂಗಳು ತುಂಬಿತು. ತಪಾಸಣೆಗೆ ಬಂದವರು ಮೌಲ್ಯಮಾಪನ ಅಧಿಕಾರಿ, ಒಬ್ಬ ತೆಳ್ಳನೆಯ ಹೆಂಗಸು. ಕೈಯಲ್ಲಿ ಎರಡು ಫೈಲು, ಮುಖದಲ್ಲಿ ಇಪ್ಪತ್ತೊಂದು ಕಾರ್ಖಾನೆ ನೋಡಿಬಂದ ಆಯಾಸ. ಶೆಡ್ಡಿನೊಳಗೆ ಬಂದವರು ನಿಂತುಬಿಟ್ಟರು. ಸೂರು ಮುಟ್ಟುತ್ತಿದ್ದ ರಾಶಿ ಕರಗಿ ಕಿಟಕಿಗಳು ಕಾಣುತ್ತಿದ್ದವು. ಜನ ಕೂತು ಕೆಲಸ ಮಾಡುತ್ತಿದ್ದರು. ಬಿಳಿ ಬಟ್ಟೆಯ ಮೇಲ್ವಿಚಾರಕರು ಮೂಲೆಯಲ್ಲಿ ಕುರ್ಚಿಕಾಲು ಉಜ್ಜುತ್ತಿದ್ದರು.

"ವಾರಕ್ಕೆ ಎಷ್ಟು?" ಎಂದರು ಅಧಿಕಾರಿ.

"ನಲವತ್ತೊಂದು, ಮೇಡಂ."

"ಮೊದಲು?"

"ಎಂಟು. ಕೆಲವು ವಾರ ಏಳು."

ಅಧಿಕಾರಿ ಫೈಲು ತೆರೆದರು. "ಒಂದು ವಿಷಯ ಅರ್ಥ ಆಗ್ತಿಲ್ಲ. ಸುಧಾರಣಾ ತರಬೇತಿಗೆ ಇಪ್ಪತ್ತೆರಡು ಜನ ಬರ್ಬೇಕಿತ್ತು. ಹಾಜರಿ ಪುಸ್ತಕದಲ್ಲಿ ಇಪ್ಪತ್ತೊಂದೇ ಸಹಿ ಇದೆ. ನಿಮ್ಮದು ಮೂರು ದಿನವೂ ಇಲ್ಲ."

"ಇಲ್ದೆ ಏನು ಮೇಡಂ? ಮೂರೂ ದಿನ ಸಹಿ ಹಾಕಿದ್ದೀನಿ."

"ಹಾಕಿದ್ದೀರಿ. ಇಲ್ಲಿ" ಎಂದು ಅವರು ಎರಡನೆಯ ಫೈಲನ್ನು ಮುಂದೆ ಹಿಡಿದರು. "ಇದು ಕೆಳಗಿನ ಹಾಲಿನದು. ಜೇನು ಸಾಕಾಣಿಕೆ."

ಸಾಹೇಬರು ನಕ್ಕರು. "ಅದು ಉಪಮೆ, ಮೇಡಂ."

"ಉಪಮೆ ಅಲ್ಲ."

"ಒಳಾರ್ಥ..."

"ಒಳಾರ್ಥ ಇಲ್ಲ. ಜೇನು ಅಂದ್ರೆ ಜೇನು. ಹುಳ ಅಂದ್ರೆ ಹುಳ. ರೈತರಿಗೆ ಜೇನು ಸಾಕೋದು ಹೇಗೆ ಅಂತ ಹೇಳ್ಕೊಡ್ತಿದ್ರು."

ಸಾಹೇಬರ ಕೈಯಿಂದ ಸ್ಯಾಂಡ್‌ಪೇಪರ್ ಜಾರಿತು. ಹೊಗೆ, ಸಕ್ಕರೆನೀರು, ಬಟ್ಟಲು, ಚುಕ್ಕೆ ಎಲ್ಲವೂ ಒಂದರ ಹಿಂದೊಂದು ಅವರ ಕಣ್ಣ ಮುಂದೆ ಸಾಲುಗಟ್ಟಿದವು. ಒಂಬತ್ತು ಜನರೂ ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಸಾಹೇಬರು ತಲೆಯಿಂದ ಬಲೆಯ ಟೋಪಿ ತೆಗೆದರು.

"ತಪ್ಪಾಯ್ತು" ಎಂದರು. "ಎರಡು ತಿಂಗಳು ನಿಮ್ಮನ್ನ ಹುಳಗಳ ಥರ ನಡೆಸ್ಕೊಂಡೆ. ಬಡಗಿಯಣ್ಣಾ, ಬೆತ್ತದಕ್ಕಾ, ಎಲ್ರೂ ಕ್ಷಮಿಸಿಬಿಡಿ. ಇನ್ಮೇಲೆ ಮೊದಲಿನ ಥರಾನೇ ಇರ್ತೀನಿ."

ಹಿರಿಯ ಬಡಗಿ ಗಾಬರಿಯಿಂದ ಕುರ್ಚಿ ಬಿಟ್ಟು ಎದ್ದ.

"ಬೇಡ ಸ್ವಾಮಿ! ಮೂವತ್ತು ವರ್ಷ ಮನುಷ್ಯರು ಅಂತ ನಡೆಸ್ಕೊಂಡ್ರಲ್ಲ, ಅದು ಸಾಕು. ಹುಳ ಆಗಿ ಈಗ ಎರಡು ತಿಂಗಳಿಂದ ಸುಖವಾಗಿದ್ದೀವಿ. ನಮ್ಮನ್ನ ಹೀಗೇ ಬಿಟ್ಬಿಡಿ."

"ಹೌದು ಮೇಡಂ" ಎಂದ ಪಾಲಿಷಿನವನು. "ಬೇಕಾದ್ರೆ ಬರ್ಕೊಡ್ತೀವಿ. ನಾವು ಹುಳಗಳು, ನಮ್ಮ ತಕರಾರಿಲ್ಲ ಅಂತ. ಆ ನೀರಿನ ಬಟ್ಟಲು ಮಾತ್ರ ತೆಗೆಸಿ."

ಅಧಿಕಾರಿಗೆ ಕೂರಲು ಬೆತ್ತದಕ್ಕ ಕುರ್ಚಿ ಎಳೆದುಕೊಟ್ಟಳು. ಅವರು ಕೂತು ಹಣೆ ಒತ್ತಿಕೊಂಡರು. "ಇಪ್ಪತ್ತೊಂದು ಕಡೆ ನೋಡಿದೆ. ಎಲ್ಲಾ ಕಡೆ ಗೋಡೆಗೆ ಸುಧಾರಣೆಯ ಪೋಸ್ಟರ್ ಅಂಟಿಸಿದ್ದಾರೆ. ಒಂದು ಕಡೆ ಅದರ ಭಾರಕ್ಕೋ ಏನೋ, ಗೋಡೆಯೇ ಬಿದ್ದಿದೆ. ಏನಾದ್ರೂ ಬದಲಾಗಿರೋದು ಇದೊಂದೇ ಜಾಗ. ಆದ್ರೆ ನನ್ನ ನಮೂನೇಲಿ ತರಬೇತಿ ಪಡೆಯದೋರಿಗೆ ಸುಧಾರಣೆ ಕಾಲಮ್ಮೇ ಇಲ್ಲ. ತರಬೇತಿ ಇಲ್ಲ ಅಂತ ಬರೆದ್ರೆ ಕಾರ್ಖಾನೆ ಮುಚ್ತಾರೆ. ಇದೆ ಅಂತ ಬರೆದ್ರೆ ಯಾವುದರ ತರಬೇತಿ ಅಂತ ಕೇಳ್ತಾರೆ."

"ಇದ್ದದ್ದು ಇದ್ದ ಹಾಗೆ ಬರೀರಿ" ಎಂದಳು ಬೆತ್ತದಕ್ಕ.

ಅಧಿಕಾರಿ ಹಾಗೆಯೇ ಬರೆದರು. ಇದ್ದದ್ದನ್ನು ಇದ್ದ ಹಾಗೆ ಬರೆದ ವರದಿ ಕಚೇರಿಗೆ ಬಂದದ್ದು ಅದೇ ಮೊದಲಾದ್ದರಿಂದ ಅಲ್ಲಿ ಯಾರಿಗೂ ದಿಕ್ಕು ತೋಚಲಿಲ್ಲ. ಫೈಲು ಸುಧಾರಣಾ ಶಾಖೆಯಿಂದ ಜೇನು ಶಾಖೆಗೂ, ಜೇನು ಶಾಖೆಯಿಂದ ಕಾನೂನು ಶಾಖೆಗೂ ಹೋಯಿತು. ಮೂರು ವಾರ ಕಾರ್ಖಾನೆಯಲ್ಲಿ ಯಾರಿಗೂ ನೆಮ್ಮದಿಯಿಲ್ಲ. ಸಾಹೇಬರು ಉಜ್ಜಿದ ಕಾಲನ್ನೇ ಉಜ್ಜಿ ಒಂದು ಕುರ್ಚಿಯನ್ನು ಸಣ್ಣ ಮಣೆಯ ಎತ್ತರಕ್ಕೆ ತಂದುಬಿಟ್ಟರು.

ಕಡೆಗೆ ಆದೇಶ ಬಂತು. ಅಧಿಕಾರಿಯೇ ಅದನ್ನು ತಂದರು. ಜೊತೆಗೆ ತಾವು ಕೂರುವ ಕುರ್ಚಿಯನ್ನೂ ಆಟೋದಲ್ಲಿ ಹಾಕಿಕೊಂಡು ಬಂದಿದ್ದರು. ಅದರ ನಾಲ್ಕನೆಯ ಕಾಲು ಹೋಗಿ, ಆರು ವರ್ಷದಿಂದ ಅದರ ಕೆಳಗೆ ಫೈಲು ಇಟ್ಟು ಕೂರುತ್ತಿದ್ದರಂತೆ. ಎಲ್ಲರೂ ಸುತ್ತ ನೆರೆದರು. ಸಾಹೇಬರು ಗಟ್ಟಿಯಾಗಿ ಓದಿದರು:

"ಮೇಲ್ಕಂಡ ಕಾರ್ಖಾನೆಯ ಮೇಲ್ವಿಚಾರಕರು ಪಡೆದ ತರಬೇತಿಯು ಜೇನು ಸಾಕಾಣಿಕೆಗೆ ಸಂಬಂಧಿಸಿದ್ದಾಗಿಯೂ, ಅದರಿಂದ ಸುಧಾರಣೆಯು ಉಂಟಾಗಿರುವುದು ದೃಢಪಟ್ಟಿರುವುದಾಗಿಯೂ ಇರುವುದರಿಂದ, ಸದರಿ ತರಬೇತಿಯನ್ನು ಕ್ರಮಬದ್ಧಗೊಳಿಸುವ ಸಲುವಾಗಿ, ಸದರಿ ಕಾರ್ಖಾನೆಯ ಒಂಬತ್ತು ಜನ ಕೆಲಸಗಾರರನ್ನು ಮುಂದಿನ ಆದೇಶದವರೆಗೆ ಜೇನುಹುಳುಗಳೆಂದು ಪರಿಗಣಿಸತಕ್ಕದ್ದು. ಕಾರ್ಖಾನೆಯು ಮುಂದುವರಿಯತಕ್ಕದ್ದು."

ಶೆಡ್ಡಿನ ತಗಡು ಹಾರಿಹೋಗುವಂತೆ ಕೂಗೆದ್ದಿತು. ಹಿರಿಯ ಬಡಗಿ ಪಾಲಿಷಿನವನನ್ನು ತಬ್ಬಿಕೊಂಡ. ಸಾಹೇಬರು ಆದೇಶವನ್ನು ಎರಡನೆಯ ಸಲ ಓದಲು ಹೋಗಿ, ಅಕ್ಷರಗಳು ಮಸುಕಾಗಿ ಕಂಡು, ಬಿಳಿ ಅಂಗಿಯ ತುದಿಯಿಂದ ಕನ್ನಡಕ ಒರೆಸಿಕೊಂಡರು.

ಗದ್ದಲ ಇಳಿದ ಮೇಲೆ ಅಧಿಕಾರಿ ಹೊರಡಲಿಲ್ಲ. ಕೊಟ್ಟ ಚಹಾ ಕುಡಿದರು. ಬೆತ್ತದಕ್ಕನ ಪಕ್ಕದ ಕುರ್ಚಿಯಲ್ಲಿ ಕೂತು, ಬೆತ್ತದ ಎಳೆ ಮೇಲೊಂದು ಕೆಳಗೊಂದು ಹೋಗಿ ಬಂದು ಕಣ್ಣುಕಣ್ಣಾಗಿ ಕೂಡುವುದನ್ನು ಬಹಳ ಹೊತ್ತು ನೋಡಿದರು. ಕಚೇರಿಯಿಂದ ಎರಡು ಸಲ ಫೋನು ಬಂತು, ಎತ್ತಲಿಲ್ಲ. ಆಮೇಲೆ ಅತ್ತಿತ್ತ ನೋಡಿ, ದನಿ ತಗ್ಗಿಸಿ, ಬೆತ್ತದಕ್ಕನ ಕಿವಿಯ ಹತ್ತಿರ ಬಾಗಿ ಕೇಳಿದರು:

"ಅಕ್ಕಾ, ನಿಮ್ಮಲ್ಲಿ ಒಂದು ಹುಳದ ಜಾಗ ಖಾಲಿ ಇದೆಯಾ?"

ಬೆತ್ತದಕ್ಕ ಹೆಣೆಯುವುದನ್ನು ನಿಲ್ಲಿಸಿ ಅವರ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿದಳು.

"ಬೆತ್ತ ನೆನೆಸೋಕೆ ಬರುತ್ತಾ?"